ಓರೆಗೆರೆಯ ಲೆಕ್ಕ

ಗುಡಿಬಂಡೆ ಎಂಬ ಹೆಸರಿನ ಊರುಗಳು ಎರಡಿವೆ. ಒಂದು ಚಿಕ್ಕಬಳ್ಳಾಪುರ ಜಿಲ್ಲೆಯ ತಾಲ್ಲೂಕು ಕೇಂದ್ರ. ಕೋಟೆಗೆ, ಅಮಾನಿ ಭೈರಸಾಗರ ಕೆರೆಗೆ ಹೆಸರಾದದ್ದು. ಇನ್ನೊಂದು ಆಂಧ್ರದ ಮಡಕಶಿರಾ ಸೀಮೆಯದು. ಬಹುಕಾಲ ಅನಂತಪುರ ಜಿಲ್ಲೆಯಲ್ಲಿದ್ದ ಇದು 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಜಿಲ್ಲೆ ಬದಲಾದರೂ ಸುತ್ತಮುತ್ತ ಕನ್ನಡದ ಮಾತು ಉಳಿದಿದೆ. ಬರೀ ಹೆಸರು ನಂಬಿ ಕಾಗದ ಹಾಕಿದರೆ ಅದು ಯಾವ ಗುಡಿಬಂಡೆಗೆ ಹೋಗಬೇಕು? 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್‌ಕೋಡ್ ಈ ಗೊಂದಲ ಬಿಡಿಸಿತು. ಚಿಕ್ಕಬಳ್ಳಾಪುರದ ಕಡೆಯದು 561ರಿಂದ ಶುರು, ಅನಂತಪುರದ ಕಡೆಯದು 515ರಿಂದ. ದಿಲ್ಲಿಯಲ್ಲಿ ಕಾಗದ ವಿಂಗಡಿಸುವವನಿಗೆ ಮೊದಲ ಅಂಕಿ 5 ಕಂಡರೆ ಸಾಕು, ಎರಡನ್ನೂ ದಕ್ಷಿಣದ ಚೀಲಕ್ಕೆ ಹಾಕುತ್ತಾನೆ. ದಾರಿ ಕವಲೊಡೆಯುವುದು ಎರಡನೆಯ ಅಂಕಿಯಲ್ಲಿ.

ದೂರದವರಿಗೆ ಮೊದಲ ಅಂಕಿಗಳಷ್ಟೇ ಸಾಕೆನ್ನುವ ಇದೇ ಉಪಾಯ ಇಂಟರ್‌ನೆಟ್ಟಿಗೂ ಬೇಕಾಯಿತು. ಆದರೆ ಅದು ಹೊಳೆದದ್ದು ಪೇಚಿಗೆ ಸಿಕ್ಕಿಕೊಂಡ ಮೇಲೆ.

1981ರ ಸೆಪ್ಟೆಂಬರ್‌ನಲ್ಲಿ ಗೊತ್ತುಪಡಿಸಿದ ಐಪಿ ವಿಳಾಸಕ್ಕೆ 32 ಬಿಟ್ ಉದ್ದ. ಒಟ್ಟು ವಿಳಾಸಗಳು 429 ಕೋಟಿಗೂ ಹೆಚ್ಚು. ಅವನ್ನು ಹಂಚಲು ಮೂರು ದರ್ಜೆಗಳಿದ್ದವು. ಎ ದರ್ಜೆ ಸಿಕ್ಕವರಿಗೆ 1,67,77,216 ವಿಳಾಸ, ಬಿ ದರ್ಜೆಗೆ 65,536, ಸಿ ದರ್ಜೆಗೆ 256. ನಡುವೆ ಬೇರೆ ಅಳತೆಯೇ ಇಲ್ಲ. ಸಾವಿರ ಕಂಪ್ಯೂಟರಿನ ಕಾಲೇಜಿಗೆ ಸಿ ಸಾಲದು, ಬಿ ವಿಪರೀತ ಹೆಚ್ಚು. ಎಲ್ಲರೂ ಬಿ ಕೇಳಿದರು, ಕೊಡುವವರು ಕೊಟ್ಟರು. ಬಿ ದರ್ಜೆಯ ಜಾಲಗಳಿದ್ದದ್ದೋ 16,384 ಮಾತ್ರ.

ಬೆಂಗಳೂರು ಈ ಕಥೆಯೊಳಗೆ ಬರುವುದು ಎರ್ನೆಟ್ ಮೂಲಕ. 1986ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ, ವಿಶ್ವಸಂಸ್ಥೆಯ ಯುಎನ್‌ಡಿಪಿ ನೆರವಿನಿಂದ ಶುರುಮಾಡಿದ ಈ ಜಾಲದಲ್ಲಿ ಐದು ಐಐಟಿಗಳ ಜೊತೆ ಭಾರತೀಯ ವಿಜ್ಞಾನ ಸಂಸ್ಥೆಯೂ ಇತ್ತು. ಎರ್ನೆಟ್‌ಗೆ ದಕ್ಕಿದ್ದು 144.16 ಎಂದು ಶುರುವಾಗುವ ಒಂದು ಬಿ ದರ್ಜೆಯ ಜಾಲ. ಅದನ್ನೇ ತುಂಡುಮಾಡಿ ಬೆಂಗಳೂರಿಗೊಂದು ಪಾಲು, ಮದರಾಸಿಗೊಂದು, ಖರಗ್‌ಪುರಕ್ಕೊಂದು ಎಂದು ಹಂಚಲಾಯಿತು. ಹೀಗೆ ಒಳಗೊಳಗೇ ಪಾಲು ಮಾಡಿಕೊಳ್ಳುವ ಸಬ್‌ನೆಟ್ ಕ್ರಮಕ್ಕೆ 1985ರಲ್ಲೇ ನಿಯಮ ಬಂದಿತ್ತು. ಗಡಿ ತೋರಿಸಲು 255.255.255.0 ಥರದ ಉದ್ದನೆಯ ಮಾಸ್ಕ್ ಬರೆಯಬೇಕಿತ್ತು.

1990ರ ದಶಕದ ಆರಂಭಕ್ಕೆ ಎರಡು ಆತಂಕ ಒಟ್ಟಿಗೆ ಬಂದವು. ಬಿ ದರ್ಜೆ ಬರಿದಾಗುತ್ತಿತ್ತು. ಬದಲಿಗೆ ನಾಲ್ಕಾರು ಸಿ ಜಾಲ ಕೊಡೋಣವೆಂದರೆ ಪ್ರತಿಯೊಂದಕ್ಕೂ ಪ್ರಪಂಚದ ದೊಡ್ಡ ರೌಟರ್‌ಗಳಲ್ಲಿ ಒಂದೊಂದು ಸಾಲು ಬೇಕು. ಅವುಗಳ ಮೆಮೊರಿ ಆಗಲೇ ಏದುಸಿರು ಬಿಡುತ್ತಿತ್ತು. 1993ರ ಸೆಪ್ಟೆಂಬರ್‌ನಲ್ಲಿ ವಿನ್ಸ್ ಫುಲ್ಲರ್, ಟೋನಿ ಲಿ, ಜೆಸ್ಸಿಕಾ ಯು, ಕಣ್ಣನ್ ವರದನ್ ನಾಲ್ವರ ಹೆಸರಿನಲ್ಲಿ ಪ್ರಕಟವಾದ ಆರ್‌ಎಫ್‌ಸಿ 1519 ಎಂಬ ಇಂಟರ್‌ನೆಟ್ ನಿಯಮಪತ್ರ ದರ್ಜೆಗಳನ್ನೇ ಕಿತ್ತುಹಾಕಿತು. ವಿಳಾಸದ ಮುಂದೆ ಒಂದು ಓರೆಗೆರೆ, ಅದರ ಮುಂದೆ ಜಾಲದ ಪಾಲಿನ ಬಿಟ್ಟುಗಳ ಸಂಖ್ಯೆ, ಇಷ್ಟೇ ಬರೆಯುವ ‘ಸೈಡರ್’ ಪದ್ಧತಿ ಬಳಕೆಗೆ ಬಂತು. ಹಳೆಯ ಎಂಟು ಸಿ ಜಾಲಗಳು ಸರಿಯಾದ ಜಾಗದಿಂದ ಸಾಲಾಗಿ ಸಿಕ್ಕರೆ /21 ಎಂಬ ಒಂದೇ ಸಾಲು. ಎರ್ನೆಟ್‌ನ ಆ ಜಾಲ 144.16.0.0/16 ಆಯಿತು.

ತಲೆನೋವು ಶುರುವಾಗುವುದು ‘ಇಲ್ಲಿಂದ ಇಲ್ಲಿಯವರೆಗೆ’ ಎಂದು ಹೇಳಿದ ವಿಳಾಸಗಳನ್ನು ಈ ಬರಹಕ್ಕೆ ಇಳಿಸುವಾಗ. ತುಂಡಿನ ಅಳತೆ 1, 2, 4, 8, 16 ಹೀಗೆ ಇಮ್ಮಡಿಯಾಗುತ್ತಲೇ ಇರಬೇಕು. ಅದು ಶುರುವಾಗುವ ಅಂಕಿ ಆ ಅಳತೆಯಿಂದ ಶೇಷವಿಲ್ಲದೆ ಭಾಗವಾಗಬೇಕು. 192.168.1.16ರಿಂದ 31ರವರೆಗಿನ 16 ವಿಳಾಸಗಳನ್ನು 192.168.1.16/28 ಎಂದು ಒಂದೇ ಏಟಿಗೆ ಬರೆಯಬಹುದು. ಅದೇ 10ರಿಂದ 25ರವರೆಗೆ ತೆಗೆದುಕೊಳ್ಳಿ. ಅವೂ ಹದಿನಾರೇ, ಆದರೆ ನಾಲ್ಕು ಚೂರಾಗುತ್ತವೆ: 10ಕ್ಕೆ /31, 12ಕ್ಕೆ /30, 16ಕ್ಕೆ /29, 24ಕ್ಕೆ ಮತ್ತೆ /31. ಈಗ ಕಂಪ್ಯೂಟರ್ ಇದನ್ನು ಕಣ್ಮುಚ್ಚಿ ತೆಗೆಯುವಷ್ಟರಲ್ಲಿ ಮಾಡಿಕೊಡುತ್ತದೆ. ಆದರೂ ಒಮ್ಮೆ ಕಾಗದದ ಮೇಲೆ ಮಾಡದ ವಿದ್ಯಾರ್ಥಿಗೆ, ಓರೆಗೆರೆಯ ಮುಂದಿನ ಅಂಕಿ ತಪ್ಪಿ ಫೈರ್‌ವಾಲ್‌ನಲ್ಲಿ ಬೇಡದವರಿಗೂ ಬಾಗಿಲು ತೆರೆದದ್ದು ಕಣ್ಣಿಗೆ ಬೀಳುವುದಿಲ್ಲ. ಮೂವತ್ತು ವರ್ಷದ ಹಿಂದೆಯೇ ಸತ್ತ ಎ, ಬಿ, ಸಿ ದರ್ಜೆಗಳನ್ನು ಪರೀಕ್ಷೆಗೆಂದು ಇನ್ನೂ ಬಾಯಿಪಾಠ ಮಾಡಿಸುವುದಂತೂ ವ್ಯರ್ಥ.

ಉಳಿತಾಯದ ಈ ಉಪಾಯ ವಿಳಾಸಗಳ ಬರವನ್ನು ಮುಂದೂಡಿತು, ತಪ್ಪಿಸಲಿಲ್ಲ. 2011ರ ಫೆಬ್ರುವರಿ 3ರಂದು ಜಾಗತಿಕ ಉಗ್ರಾಣ ಖಾಲಿಯಾಯಿತು. ಏಪ್ರಿಲ್ 15ರಿಂದ ನಮ್ಮ ಏಷ್ಯಾ-ಪೆಸಿಫಿಕ್ ಭಾಗಕ್ಕೆ ವಿಳಾಸ ಹಂಚುವ ಎಪ್ನಿಕ್, ಸದಸ್ಯರಿಗೆ ತಲಾ /22, ಅಂದರೆ 1,024 ವಿಳಾಸಕ್ಕಿಂತ ಹೆಚ್ಚು ಕೊಡದೆ ಕೈ ಬಿಗಿಹಿಡಿಯಿತು. ಮರುವರ್ಷ ಏಪ್ರಿಲ್‌ನಲ್ಲಿ 100.64.0.0/10 ಎಂಬ 41,94,304 ವಿಳಾಸಗಳನ್ನು ಇಂಟರ್‌ನೆಟ್ ಸೇವೆ ಕೊಡುವ ಕಂಪನಿಗಳ ಒಳಬಳಕೆಗೆಂದು ಎತ್ತಿಡಲಾಯಿತು. ಒಂದೇ ಹೊರವಿಳಾಸದ ಹಿಂದೆ ಎಷ್ಟೋ ಗ್ರಾಹಕರನ್ನು ಕೂರಿಸುವ ವ್ಯವಸ್ಥೆ ಇದು. ಯಾವ ಗುಡಿಬಂಡೆಯಲ್ಲೇ ಇರಿ, ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ಐಪಿ ವಿಳಾಸ ತೆಗೆದು ನೋಡಿ: 100ರಿಂದ ಶುರುವಾಗಿ ಎರಡನೆಯ ಅಂಕಿ 64ರಿಂದ 127ರೊಳಗೆ ಇದ್ದರೆ, ನೀವೂ ಆ ಸಾಲಿನಲ್ಲಿದ್ದೀರಿ.