ರಕ್ತ ಸೋರಿದರೂ ಒತ್ತಡ ಇಳಿಯದೇಕೆ?

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಮಳೆ ಬಿದ್ದು ಹುಲ್ಲು ಚಿಗುರಿದಾಗ ಕುರಿಗಳಿಗೆ ಮೇವಿನ ಸುಗ್ಗಿ. ಆದರೆ ಅದೇ ಹುಲ್ಲಿನೊಡನೆ ಹೀಮಾಂಕಸ್ ಎಂಬ ಜಂತುಹುಳುವಿನ ಮರಿಗಳೂ ಒಳಸೇರಬಹುದು. ಜಠರದ ಒಳಪೊರೆಗೆ ಕಚ್ಚಿಕೊಂಡ ಒಂದು ಹುಳುವಿನಿಂದ ದಿನಕ್ಕೆ ಸುಮಾರು 0.05 ಮಿ.ಲೀ. ರಕ್ತ ನಷ್ಟವಾಗುತ್ತದೆ. 2,000 ಹುಳುಗಳಿದ್ದರೆ 100 ಮಿ.ಲೀ.! 30 ಕಿ.ಗ್ರಾಂ. ತೂಕದ ಕುರಿಯಲ್ಲಿರುವ ರಕ್ತವೇ ಸುಮಾರು 2 ಲೀಟರ್. ಆದರೂ ಕುರಿ ಹಲವು ದಿನ ಮಂದೆಯೊಡನೆ ನಡೆಯುತ್ತಲೇ ಇರುತ್ತದೆ. ಇದು ಹೇಗೆ ಸಾಧ್ಯ? ಉತ್ತರ ಸಿಗಲು ಎರಡು ಶತಮಾನಗಳಿಗೂ ಹೆಚ್ಚು ಕಾಲ ಬೇಕಾಯಿತು.

ಪ್ರಾಣಿಯ ರಕ್ತದೊತ್ತಡವನ್ನು ಮೊದಲು ಅಳೆದವನು ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್. ಹೆಣ್ಣು ಕುದುರೆಯೊಂದರ ಧಮನಿಗೆ ಆತ ಗಾಜಿನ ಉದ್ದ ಕೊಳವೆ ಜೋಡಿಸಿದ. ರಕ್ತವು ಹೃದಯದ ಮಟ್ಟದಿಂದ 8 ಅಡಿ 3 ಅಂಗುಲ ಮೇಲೇರಿತು. ಎತ್ತರ, ಸಾಂದ್ರತೆ, ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧವೇ ಒತ್ತಡವಲ್ಲವೆ? ರಕ್ತದ ಸಾಂದ್ರತೆ ನೀರಿನ 1.06 ಪಟ್ಟು, ಪಾದರಸದ್ದು 13.6 ಪಟ್ಟು. ಲೆಕ್ಕ ಹಾಕಿದರೆ ಇದು ಸುಮಾರು 196 ಮಿ.ಮೀ. ಪಾದರಸಕ್ಕೆ ಸಮ. ಬಳಿಕ ಹೇಲ್ಸ್ ರಕ್ತವನ್ನು ಅಳತೆ ಮಾಡಿ ಹೊರಬಿಡುತ್ತಾ ಸ್ತಂಭದ ಎತ್ತರವನ್ನು ದಾಖಲಿಸಿದ. ಈ ವಿವರಗಳು 1733ರಲ್ಲಿ ಪ್ರಕಟವಾದವು.

ಆದರೆ ದೇಹ ರಬ್ಬರ್ ಚೀಲವಲ್ಲ. ನಷ್ಟವನ್ನು ಎದುರಿಸಿ ನಿಲ್ಲುತ್ತದೆ. ಅದರ ಮೊದಲ ಸುಳಿವು 1894ರಲ್ಲಿ ಸಿಕ್ಕಿತು. ಆಲಿವರ್ ಮತ್ತು ಶೇಫರ್ ಅಡ್ರಿನಲ್ ಗ್ರಂಥಿಯ ಸಾರವನ್ನು ಪ್ರಾಣಿಗಳಿಗೆ ಚುಚ್ಚಿದಾಗ ರಕ್ತನಾಳಗಳು ಕುಗ್ಗಿ ಒತ್ತಡ ಏರಿತು. 1898ರಲ್ಲಿ ಸ್ವೀಡನ್ನಿನ ಟೈಗರ್‌ಸ್ಟೆಡ್ ಮತ್ತು ಬರ್ಗ್‌ಮನ್ ಮೊಲದ ಮೂತ್ರಪಿಂಡದ ಸಾರದಲ್ಲಿಯೂ ಇಂಥದೇ ಗುಣ ಕಂಡು, ಅದರಲ್ಲಿದ್ದ ವಸ್ತುವಿಗೆ ರೆನಿನ್ ಎಂದು ಹೆಸರಿಟ್ಟರು. ಈ ಶೋಧ ಮೂರು ದಶಕಗಳಿಗೂ ಹೆಚ್ಚು ಕಾಲ ಮೂಲೆಗೆ ಬಿದ್ದಿತ್ತು. 1934ರಲ್ಲಿ ಗೋಲ್ಡ್‌ಬ್ಲಾಟ್ ನಾಯಿಗಳ ಮೂತ್ರಪಿಂಡದ ಧಮನಿಯನ್ನು ಕಿರಿದಾಗಿಸಿ ರಕ್ತದೊತ್ತಡ ಏರುವುದನ್ನು ತೋರಿಸಿದ ಮೇಲೆ ಅದಕ್ಕೆ ಮರುಜೀವ ಬಂತು. ರೆನಿನ್‌ನಿಂದ ಮೊದಲಾಗುವ ಕ್ರಿಯೆಗಳಲ್ಲಿ ಆಂಜಿಯೊಟೆನ್ಸಿನ್ ಹುಟ್ಟುತ್ತದೆಂದು 1940ರ ಸುಮಾರಿಗೆ ಅಮೆರಿಕ ಮತ್ತು ಅರ್ಜೆಂಟೀನದ ತಂಡಗಳು ಬೇರೆಬೇರೆಯಾಗಿ ಕಂಡುಕೊಂಡವು. 1953ರಲ್ಲಿ ಉಪ್ಪನ್ನು ಉಳಿಸುವ ಆಲ್ಡೊಸ್ಟಿರೋನ್ ಪತ್ತೆಯಾಯಿತು.

ಈಗ ಚಿತ್ರ ಸ್ಪಷ್ಟ. ರಕ್ತ ಕಡಿಮೆಯಾದೊಡನೆ ಅಡ್ರಿನಲಿನ್ ಹೃದಯದ ಬಡಿತ ಹೆಚ್ಚಿಸುತ್ತದೆ. ಆಂಜಿಯೊಟೆನ್ಸಿನ್ ನಾಳಗಳನ್ನು ಬಿಗಿಯುತ್ತದೆ. ಮಿದುಳಿನ ಬುಡದ ಪಿಟ್ಯೂಟರಿಯಿಂದ ಬರುವ ವ್ಯಾಸೊಪ್ರೆಸಿನ್ ನೀರನ್ನೂ, ಆಲ್ಡೊಸ್ಟಿರೋನ್ ಉಪ್ಪನ್ನೂ ಮೂತ್ರದಲ್ಲಿ ಹೋಗದಂತೆ ತಡೆಯುತ್ತವೆ. ಹೀಗೆ ಗಾತ್ರ ತುಂಬಿಕೊಳ್ಳುತ್ತದೆ, ಒತ್ತಡ ನಿಲ್ಲುತ್ತದೆ. ಆದರೆ ಕೆಂಪು ಕಣಗಳು ಅಷ್ಟು ಬೇಗ ತುಂಬುವುದಿಲ್ಲ; ರಕ್ತ ತೆಳುವಾಗುತ್ತದೆ.

ಆದ್ದರಿಂದ ಒತ್ತಡ ಸರಿಯಿದೆ ಎಂದ ಮಾತ್ರಕ್ಕೆ ರಕ್ತ ಸಾಕಷ್ಟಿದೆ ಎಂದಲ್ಲ. ಕುರಿಯ ಕೆಳರೆಪ್ಪೆಯನ್ನು ಮಡಿಚಿ ನೋಡಿದರೆ ನಿಜ ತಿಳಿಯುತ್ತದೆ: ಕೆಂಪಗಿದ್ದರೆ ಕ್ಷೇಮ, ಬಿಳಿಚಿಕೊಂಡಿದ್ದರೆ ಪಶುವೈದ್ಯರನ್ನು ಕಾಣಲು ತಡಮಾಡಬಾರದು. ಹಾರ್ಮೋನುಗಳು ಗಳಿಸಿಕೊಡುವುದು ಸ್ವಲ್ಪ ಸಮಯವನ್ನು ಮಾತ್ರ. ಆ ಸಮಯ ಮುಗಿದಾಗ ಪ್ರಾಣಿ ಕುಸಿಯುವುದು ಒಮ್ಮೆಲೇ.