ನರ್ಸಿಗೆ ದೊರೆತ ತಡೆಯುವ ಅಧಿಕಾರ

ವೈದ್ಯರು, ನರ್ಸುಗಳು, ಫಿಸಿಯೋಥೆರಪಿಸ್ಟರು ಒಂದೇ ರೋಗಿಯ ಸುತ್ತ ದುಡಿಯುವವರಾದರೂ ಅವರ ವ್ಯಾಸಂಗವು ಬೇರೆ ಬೇರೆ ಕಾಲೇಜುಗಳಲ್ಲಿ, ಒಬ್ಬರ ಪಾಠದ ಸುಳಿವು ಇನ್ನೊಬ್ಬರಿಗಿಲ್ಲದಂತೆ ನಡೆದುಬಂದಿದೆ. ಈ ಗೋಡೆಯನ್ನು ಮೊದಲಲ್ಲೇ ಕೆಡವಹೊರಟವುಗಳಲ್ಲಿ ಸ್ವೀಡನ್ನಿನ ಲಿನ್‌ಶೋಪಿಂಗ್ ವಿಶ್ವವಿದ್ಯಾಲಯ ಒಂದು. 1986ರಲ್ಲಿ ಅಲ್ಲಿ ಆರಂಭವಾದ ಆರೋಗ್ಯ ವಿಜ್ಞಾನ ನಿಕಾಯವು ಎಲ್ಲ ವೃತ್ತಿಗಳ ವಿದ್ಯಾರ್ಥಿಗಳನ್ನೂ ಒಂದೇ ಆರಂಭಿಕ ಪಾಠಕ್ಕೆ ಕೂರಿಸಿತು. 1996ರಲ್ಲಿ ಮೂಳೆ ಚಿಕಿತ್ಸೆಯ ವಾರ್ಡೊಂದನ್ನು ಅವರಿಗೊಪ್ಪಿಸಿ, ಹಿರಿಯರ ಮೇಲ್ವಿಚಾರಣೆಯಲ್ಲಿ ರೋಗಿಗಳ ಆರೈಕೆಯನ್ನು ಕೂಡಿ ನಿರ್ವಹಿಸುವ ಹೊಣೆ ಹೊರಿಸಲಾಯಿತು. ಭಿನ್ನ ವೃತ್ತಿಯವರು ಪರಸ್ಪರರಿಂದ, ಪರಸ್ಪರರ ಕೆಲಸದ ಬಗೆಗೆ ಕಲಿಯುವ ಈ ಪದ್ಧತಿಯೇ ಅಂತರವೃತ್ತಿ ಶಿಕ್ಷಣ. ಅದರ ಅಗತ್ಯವನ್ನು ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ ತಂಡವೊಂದು 1988ರಲ್ಲೇ ಎತ್ತಿಹಿಡಿದಿತ್ತು.

ಆದರೆ ಒಟ್ಟಿಗೆ ಕಲಿತ ಮಾತ್ರಕ್ಕೆ ಕಿರಿಯರ ಬಾಯಿಗೆ ಧೈರ್ಯ ಬರುವುದಿಲ್ಲ. ಈ ತೊಡಕನ್ನು ನೇರವಾಗಿ ಎದುರಿಸಿದ್ದು ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ. ತೀವ್ರ ನಿಗಾ ಘಟಕದಲ್ಲಿ ರೋಗಿಯ ದೊಡ್ಡ ರಕ್ತನಾಳಕ್ಕೆ ಕೊಳವೆ ಇಳಿಸುವಾಗ ಸೋಂಕು ತಗುಲದಂತೆ ಕೈತೊಳೆಯುವುದು, ಕ್ಲೋರ್‌ಹೆಕ್ಸಿಡಿನ್ ಹಚ್ಚಿ ಚರ್ಮ ಶುಚಿಗೊಳಿಸುವುದು, ಮೈತುಂಬ ಕ್ರಿಮಿರಹಿತ ಬಟ್ಟೆ ಹೊದಿಸುವುದು ಮುಂತಾದ, ಎಲ್ಲ ವೈದ್ಯರಿಗೂ ಗೊತ್ತಿದ್ದ ಐದು ಕ್ರಮಗಳನ್ನು 2001ರಲ್ಲಿ ಅಲ್ಲಿನ ವೈದ್ಯ ಪೀಟರ್ ಪ್ರೊನೊವೋಸ್ಟ್ ಒಂದು ಹಾಳೆಯಲ್ಲಿ ಬರೆದು, ಅವು ಪಾಲನೆಯಾಗುತ್ತಿವೆಯೇ ಎಂಬುದನ್ನು ಒಂದು ತಿಂಗಳು ಗಮನಿಸುವಂತೆ ನರ್ಸುಗಳಿಗೆ ಹೇಳಿದರು. ಮೂರರಲ್ಲೊಂದು ಭಾಗಕ್ಕೂ ಹೆಚ್ಚು ರೋಗಿಗಳಲ್ಲಿ ಒಂದಾದರೂ ಕ್ರಮ ಬಿಟ್ಟುಹೋಗಿತ್ತು. ಮರುತಿಂಗಳು ಆಸ್ಪತ್ರೆಯ ಆಡಳಿತವು, ಕ್ರಮ ತಪ್ಪಿದ ವೈದ್ಯರನ್ನು ಅಲ್ಲಿಯೇ ತಡೆಯುವ ಅಧಿಕಾರವನ್ನು ನರ್ಸುಗಳಿಗೆ ನೀಡಿತು. ಹಾಳೆಗಿಂತ ಈ ಅಪ್ಪಣೆಯೇ ದೊಡ್ಡ ಸುಧಾರಣೆ ಎನ್ನಬೇಕು. ಮುಂದೆ ಮಿಷಿಗನ್ ರಾಜ್ಯದ ತೀವ್ರ ನಿಗಾ ಘಟಕಗಳಲ್ಲಿ ಇದೇ ವ್ಯವಸ್ಥೆ ಜಾರಿಯಾದಾಗ, ಕೊಳವೆ ಒಳಗಿದ್ದ ಪ್ರತಿ ಸಾವಿರ ದಿನಕ್ಕೆ 2.7ರಷ್ಟಿದ್ದ ಸೋಂಕಿನ ಮಧ್ಯಾಂಕವು ಮೂರು ತಿಂಗಳೊಳಗೆ ಸೊನ್ನೆಗಿಳಿದದ್ದು 2006ರಲ್ಲಿ ಪ್ರಕಟವಾಯಿತು.

ಇಂಥ ಪರಿಶೀಲನಾ ಪಟ್ಟಿಯ ಕಲ್ಪನೆ ಕರ್ನಾಟಕದ ಹೆರಿಗೆ ಕೋಣೆಗೂ ಬಂದಿತು. ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ಪಟ್ಟಿಯನ್ನು ರಾಜ್ಯದ ಒಂದು ಹೆರಿಗೆ ಕೇಂದ್ರದಲ್ಲಿ ಪ್ರಾಯೋಗಿಕವಾಗಿ ಬಳಸಿದಾಗ, ಗಮನಿಸಲಾದ 29 ಕ್ರಮಗಳಲ್ಲಿ ಸರಾಸರಿ 10ರ ಪಾಲನೆಯಷ್ಟೇ ಇದ್ದದ್ದು 25ಕ್ಕೇರಿತೆಂದು 2012ರ ವರದಿ ತಿಳಿಸುತ್ತದೆ. ಅದೇ ಪಟ್ಟಿಯನ್ನು ಉತ್ತರ ಪ್ರದೇಶದ 120 ಆಸ್ಪತ್ರೆಗಳ ಅಧ್ಯಯನದಲ್ಲಿ ತರಬೇತಿಯೊಡನೆ ಪರೀಕ್ಷಿಸಿದಾಗ ಪಾಲನೆ ಹೆಚ್ಚಿತಾದರೂ ತಾಯಿ–ಶಿಶುಗಳ ಸಾವು ತಗ್ಗಲಿಲ್ಲ. ಔಷಧವೋ ರಕ್ತವೋ ಕೈಗೆಟುಕದಲ್ಲಿ, ಕರೆದರೆ ಬರುವ ವೈದ್ಯರಿಲ್ಲದಲ್ಲಿ, ಅಪಾಯವನ್ನು ಸಕಾಲದಲ್ಲಿ ಗುರುತಿಸಿದ ನರ್ಸಿನ ಮಾತನ್ನು ನಡೆಸಿಕೊಡುವವರಾದರೂ ಯಾರು ಎಂಬ ಪ್ರಶ್ನೆಯನ್ನು ಯಾವ ಪಟ್ಟಿಯೂ ಬಗೆಹರಿಸಲಾರದು.