ಮೂರು ನಿಮಿಷದ ತಟ್ಟೆ

ಹಾಡಿದ ಹಾಡು ಹಾಡಿದೊಡನೆ ಗಾಳಿಯಲ್ಲಿ ಕಳೆದುಹೋಗುವುದು ಸಾವಿರಾರು ವರ್ಷಗಳಿಂದ ನಡೆದುಬಂದ ನಿಯಮ. ಗವಾಯಿಯನ್ನು ಬೇಡಿಕೊಂಡು ಮತ್ತೊಮ್ಮೆ ಹಾಡಿಸಬಹುದಿತ್ತು. ಆದರೆ ಎರಡನೆಯ ಸಲ ಬಂದದ್ದು ಬೇರೆಯೇ ಹಾಡು. ಕೇಳಿದ್ದನ್ನೇ ಮತ್ತೆ ಕೇಳುವ ಭಾಗ್ಯ ಅರಸರಿಗೂ ಇರಲಿಲ್ಲ. ನಮ್ಮ ಸಂಗೀತದ ಮಟ್ಟಿಗೆ ಈ ನಿಯಮಕ್ಕೆ ದೊಡ್ಡ ಪೆಟ್ಟು ಬಿದ್ದದ್ದು 1902ರ ನವೆಂಬರಿನಲ್ಲಿ, ಕಲಕತ್ತೆಯ ಹೋಟೆಲೊಂದರ ಕೋಣೆಯಲ್ಲಿ.

ಗ್ರಾಮಫೋನು ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬಾತ ಅಲ್ಲಿ ತನ್ನ ಯಂತ್ರವನ್ನು ಹೂಡಿ ಕುಳಿತಿದ್ದ. ಪ್ರಸಿದ್ಧ ಗಾಯಕಿ ಗೌಹರ್ ಜಾನ್ ಕಹಳೆಯ ಬಾಯಿಗೆ ಮುಖವೊಡ್ಡಿ ಹಾಡಿ, ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಕೂಗಿ ಹೇಳಿದರು. ಮೂಲ ಅಚ್ಚು ಹಡಗೇರಿ ಜರ್ಮನಿಯ ಹ್ಯಾನೋವರಿಗೆ ಹೋಗಿ ಅಲ್ಲಿ ತಟ್ಟೆಯಾಗಬೇಕಿತ್ತು. ಯಾರ ಹಾಡೆಂದು ಅಲ್ಲಿಯ ಕೆಲಸಗಾರರಿಗೆ ತಿಳಿಯಲೆಂದು ಈ ಏರ್ಪಾಡು. ಕಲಕತ್ತೆಯಲ್ಲೇ ಕಾರ್ಖಾನೆಯಾದದ್ದು 1908ರಲ್ಲಿ. ಈ ಗೌಹರ್ ಜಾನರೇ 1928ರಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರೆಂಬುದನ್ನು ನಮ್ಮವರಲ್ಲಿ ಅನೇಕರು ಮರೆತಿದ್ದಾರೆ.

ಆ ತಟ್ಟೆಯಾದರೂ ಎಂಥದು? ಹುಳುಗಳು ಕಾಡುಮರದ ಮೇಲೆ ಒಸರಿಸುವ ಅರಗಿಗೆ ಕಲ್ಲಿನ ಪುಡಿ, ಕಾಡಿಗೆ ಬೆರೆಸಿ ಒತ್ತಿದ್ದು. ಕೈಜಾರಿದರೆ ಹಂಚಿನಂತೆ ಒಡೆಯುವುದು. ಹತ್ತು ಅಂಗುಲದ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗಿ ಮೂರು ನಿಮಿಷದಲ್ಲಿ ಮುಗಿಯುತ್ತಿತ್ತು. ಮತ್ತೆ ಕೀಲಿ ಕೊಡಬೇಕು, ಉಕ್ಕಿನ ಸೂಜಿ ಬದಲಾಯಿಸಬೇಕು. ಎದ್ದು ಹೋಗಿ ಇಷ್ಟೆಲ್ಲ ಮಾಡುವವನು ಆ ಮೂರು ನಿಮಿಷ ಬೇರೆ ಕಡೆ ಮನಸ್ಸು ಹರಿಸುತ್ತಾನೆಯೆ? ನಮ್ಮ ಅಜ್ಜನ ಪೆಟ್ಟಿಗೆಯಲ್ಲಿ ಉಳಿದಿರುವುದು ಏಳೇ ತಟ್ಟೆ. ಅವುಗಳಲ್ಲೊಂದು ಅಬ್ದುಲ್ ಕರೀಂ ಖಾನರದು. ಅದರ ಒಂದು ಮೈ ಹೊಸದರಂತೆ ಕಪ್ಪಗೆ ಹೊಳೆಯುತ್ತದೆ. ಇನ್ನೊಂದು ಮೈ ಸವೆದು ಬೂದಿಬಣ್ಣಕ್ಕೆ ತಿರುಗಿದೆ.

ಏಳು ತಟ್ಟೆಗೆ ಕಾರಣ ವೈರಾಗ್ಯವೇನಲ್ಲ, ದುಡ್ಡಿಲ್ಲದ್ದು. ಹಿಂದಿನವರೆಲ್ಲ ರಸಿಕರು, ನಾವೆಲ್ಲ ಒರಟರು ಎಂದು ಬರೆಯುವ ಚಟ ನಮ್ಮ ಪತ್ರಿಕೆಗಳಿಗೆ ಹಳೆಯದು. ನನಗೆ ಅದರಲ್ಲಿ ನಂಬಿಕೆಯಿಲ್ಲ. ದೊಡ್ಡ ಉಸ್ತಾದರಿಗೂ ಈ ಯಂತ್ರದ ಮೇಲೆ ಒಂದೇ ಬಗೆಯ ಒಲವಿರಲಿಲ್ಲ. ಗಂಟೆಗಟ್ಟಲೆ ಅರಳಬೇಕಾದ ಖ್ಯಾಲನ್ನು ಮೂರು ನಿಮಿಷಕ್ಕೆ ಹಿಂಡುವುದು ಸಣ್ಣ ಹಿಂಸೆಯೆ? ಮಲ್ಲಿಕಾರ್ಜುನ ಮನಸೂರರಿಗೆ ಗುರುಗಳಾದ ಮಂಜಿಖಾನ್, ಭುರ್ಜಿಖಾನರ ತಂದೆ ಅಲ್ಲಾದಿಯಾ ಖಾನರು ಮಾರುಕಟ್ಟೆಗೆ ಒಂದು ತಟ್ಟೆಯನ್ನೂ ಕೊಡದೆ ಹೋದರು. ನಷ್ಟ ನಮ್ಮದು. ಅಬ್ದುಲ್ ಕರೀಂ ಖಾನರಾದರೋ ಆ ಇಕ್ಕಟ್ಟಿನಲ್ಲೇ ರಾಗದ ಮುಖ ಕಾಣಿಸುವ ಹದವನ್ನು ಕಂಡುಕೊಂಡರು. ಅವರು 1937ರಲ್ಲಿ ತೀರಿಕೊಂಡರು. ತಟ್ಟೆಗಳು ಊರೂರು ಸುತ್ತುತ್ತಲೇ ಇದ್ದವು.

ಗದಗಿನ ಹುಡುಗನೊಬ್ಬ ಶಾಲೆಯಿಂದ ಬರುವಾಗ ಅಂಗಡಿಯ ಮುಂದೆ ನಿಂತುಬಿಡುತ್ತಿದ್ದ ಕಥೆ ಎಲ್ಲರಿಗೂ ಗೊತ್ತು. ಒಳಗೆ ಖಾನ್ ಸಾಹೇಬರ ಝಿಂಝೋಟಿ ಠುಮರಿಯ ತಟ್ಟೆ ತಿರುಗುತ್ತಿತ್ತು. 1933ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಭೀಮಸೇನ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ. ಗ್ವಾಲಿಯರ್, ಜಲಂಧರ್ ಎಂದು ಅಲೆದು, ಕೊನೆಗೆ 1936ರಲ್ಲಿ ಕುಂದಗೋಳದ ಸವಾಯಿ ಗಂಧರ್ವರ ಬಳಿ ಸೇರಿದ. ಸವಾಯಿ ಗಂಧರ್ವರು ಖಾನ್ ಸಾಹೇಬರ ಶಿಷ್ಯರೇ! ಉತ್ತರ ಹಿಂದೂಸ್ತಾನವೆಲ್ಲ ಸುತ್ತಿದ ಹುಡುಗನಿಗೆ, ಅಂಗಡಿಯಲ್ಲಿ ಕೇಳಿದ ದನಿಯ ಮನೆತನ ಹತ್ತಿರದ ಊರಿನಲ್ಲೇ ಸಿಕ್ಕಿತು.

ಇನ್ನೊಬ್ಬ ಹುಡುಗನ ಕಥೆ ಇದಕ್ಕಿಂತ ತೊಡಕಿನದು. ಬೆಳಗಾವಿಯ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಏಳೆಂಟು ವರ್ಷಕ್ಕೇ ಉಸ್ತಾದರ ತಟ್ಟೆಗಳನ್ನು ಕೇಳಿ, ತಾನು ತಾನೂ ತಪ್ಪದಂತೆ ಹಾಡುತ್ತಿದ್ದ. ಸ್ವಾಮಿಗಳು ಮೆಚ್ಚಿ ‘ಕುಮಾರ ಗಂಧರ್ವ’ ಎಂದರು; ಜನ ಬೆರಗಾದರು. ಆದರೆ ಇದು ಕೇಳುವುದೋ, ಅಚ್ಚೊತ್ತುವುದೋ? ತಟ್ಟೆಯ ಅಪಾಯವೂ ಇಲ್ಲಿಯೇ ಇದೆ. ನೂರು ಸಲ ಕೇಳಿದವನು ನೂರನೆಯ ಸಲಕ್ಕೆ ಗಿಳಿಯೂ ಆಗಬಹುದು. ಬಾಲಕನನ್ನು ಮುಂಬಯಿಯ ಬಿ. ಆರ್. ದೇವಧರರ ಬಳಿ 1936ರಲ್ಲಿ ಬಿಟ್ಟದ್ದು ಅವನ ಪುಣ್ಯ. ಹಾಡಲು ಬರುತ್ತಿದ್ದ ರಾಗವನ್ನು ತಿಳಿದು ಹಾಡುವ ಪಾಠ ಅಲ್ಲಿ ಮೊದಲಾಯಿತು. ಎಲ್ಲ ಘರಾಣೆಗಳ ತಟ್ಟೆಗಳಿಗೂ ಪ್ರತಿಧ್ವನಿಯಾಗಿದ್ದ ಆ ಹುಡುಗ ಮುಂದೆ ಯಾವ ಘರಾಣೆಗೂ ಕಟ್ಟುಬೀಳದ ಗಾಯಕರಾದರು. ಕೇಳಿ ಕೇಳಿ ಒಳಗೆ ಇಳಿದದ್ದು ಅರಗಿದ ಮೇಲೆ ಬೇರೆಯೇ ಆಗಿ ಹೊರಟಿತು ಎಂದು ನನ್ನ ಊಹೆ.

ಕಂಪನಿಗಳಿಗೆ ಈ ಬಗೆಯ ಗಿರಾಕಿಯಿಂದ ಲಾಭ ಕಡಿಮೆ. ಒಂದೇ ತಟ್ಟೆಯನ್ನು ಸವೆಸುವವನು ಇನ್ನೊಂದನ್ನು ಯಾವಾಗ ಕೊಂಡಾನು? ಹೊಸ ಹಾಡುಗಳ ಪಟ್ಟಿಗಳು ಬಂದೇ ಬಂದವು. 1931ರ ‘ಆಲಂ ಆರಾ’ದ ನಂತರ ಸಿನಿಮಾ ಹಾಡು ಬಂತು, ಈ ಚಿತ್ರದ್ದು ಮುಗಿಯುವಷ್ಟರಲ್ಲಿ ಮುಂದಿನದು. 1948ರಲ್ಲಿ ಅಮೆರಿಕದಲ್ಲಿ ಒಂದು ಮೈಗೆ ಇಪ್ಪತ್ತು ನಿಮಿಷ ಮೀರಿ ನುಡಿಯುವ ತಟ್ಟೆಯಾಗಿ, ಅದು ನಮ್ಮಲ್ಲಿಗೂ ಬಂದಾಗ ಖ್ಯಾಲಿಗೆ ಉಸಿರಾಡಲು ಜಾಗ ಸಿಕ್ಕಿತು. ಈಗಂತೂ ಜೇಬಿನ ಫೋನಿನಲ್ಲಿ ಎಲ್ಲವೂ ಇದೆ. ಸೂಜಿಯಿಲ್ಲ, ಕೀಲಿಯಿಲ್ಲ, ಸವೆಯುವ ಭಯವಿಲ್ಲ. ಒಂದನ್ನೇ ನೂರು ಸಲ ಕೇಳಲು ಇಷ್ಟು ಅನುಕೂಲ ಯಾವ ಕಾಲದಲ್ಲೂ ಇರಲಿಲ್ಲ. ಆದರೂ ಅರ್ಧ ನಿಮಿಷಕ್ಕೇ ಮುಂದಿನ ಹಾಡಿಗೆ ಬೆರಳು ಒತ್ತುತ್ತೇವೆ. ನಾನೂ ಒತ್ತುವವನೇ.

ಹೋದ ವರ್ಷ ತರಗತಿಯಲ್ಲಿ ಭೀಮಸೇನ ಜೋಶಿಯವರ ಮಾತು ಬಂತು. ಆ ಝಿಂಝೋಟಿಯನ್ನೇ ಫೋನಿನಿಂದ ಮೂರು ಸಲ ಕೇಳಿಸಿದೆ. ಮೊದಲ ಸಲ ಹಿಂದಿನ ಬೆಂಚುಗಳಲ್ಲಿ ಗುಸುಗುಸು. ಎರಡನೆಯ ಸಲ ಕೆಲವರು ಗಡಿಯಾರ ನೋಡಿದರು. ಮೂರನೆಯದು ಮುಗಿದಾಗ ಹುಡುಗಿಯೊಬ್ಬಳು ಎದ್ದು ನಿಂತು, “ಸರ್, ಒಂದೇ ಮಾತನ್ನ ಪ್ರತಿಸಲ ಬೇರೆ ಥರ ಹೇಳ್ತಾರಲ್ಲ, ಯಾಕೆ?” ಎಂದಳು. ಉತ್ತರ ಹುಡುಕುವಷ್ಟರಲ್ಲಿ ಗಂಟೆ ಹೊಡೆಯಿತು. ಐದಾರು ಮಂದಿ ಎದ್ದು ಹೋಗದೆ ಕುಳಿತೇ ಇದ್ದರು. ನಾಲ್ಕನೆಯ ಸಲ ಹಾಕಿದೆ.